ಕ್ರಿಸ್ತವಿರೋಧಿಯ ಪಾಠವನ್ನು ನಾನು ಯೋಹಾನನ ಪತ್ರದಿಂದ ಶುರು ಮಾಡಿದೆ

ಬೈಬಲ್ ಸ್ಟಡಿಯಲ್ಲಿ ಕ್ರಿಸ್ತವಿರೋಧಿಯ ಮಾತು ಬಂದರೆ ಎಲ್ಲರ ಕೈಯೂ ನೇರ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯಕ್ಕೆ ಹೋಗುತ್ತದೆ. ಪಾಠ ನಡೆಸುವ ಸರದಿ ನನ್ನದಾದಾಗ ಆ ಅಧ್ಯಾಯವನ್ನು ಕೊನೆಗೆ ಇಟ್ಟುಕೊಂಡೆ. ಯಾಕೆಂದರೆ ಪ್ರಕಟನೆಯಲ್ಲಿ ಮೃಗಗಳಿವೆ, ಆದರೆ ಕ್ರಿಸ್ತವಿರೋಧಿ ಎಂಬ ಹೆಸರಿಲ್ಲ. ಅದು ಇರುವುದು ಯೋಹಾನನ ಮೊದಲ ಎರಡು ಪತ್ರಗಳಲ್ಲಿ ಮಾತ್ರ.

1 ಯೋಹಾನ 2:18ನ್ನು ನಿಧಾನವಾಗಿ ಓದಿದೆವು. ಒಬ್ಬ ಬರುತ್ತಾನೆ ಎಂದು ನೀವು ಕೇಳಿದ್ದೀರಿ, ಈಗಲೇ ಅನೇಕರು ಬಂದಿದ್ದಾರೆ ಅನ್ನುತ್ತಾನೆ ಯೋಹಾನ. ಮುಂದಿನ ವಚನ ಇನ್ನೂ ಗಂಭೀರ. ಅವರು ಹೊರಗಿನವರಲ್ಲ, ಸಭೆಯೊಳಗಿಂದಲೇ ಹೊರಟವರು. ಇದನ್ನು ಮನಸ್ಸಿಗೆ ತೆಗೆದುಕೊಂಡವರು ಬೇರೆಯವರ ಕಡೆ ಬೆರಳು ತೋರಿಸಲು ಅವಸರಪಡುವುದಿಲ್ಲ. ಅದಕ್ಕೇ ಇಲ್ಲಿ ಜಾಸ್ತಿ ಹೊತ್ತು ನಿಂತೆವು.

ಆಮೇಲೆ ದಾನಿಯೇಲ 7ರ ಚಿಕ್ಕ ಕೊಂಬು, 2 ಥೆಸಲೋನಿಕ 2ರ ಅಧರ್ಮಸ್ವರೂಪ, ಪ್ರಕಟನೆಯ ಮೃಗ. ಪ್ರತಿ ಸಲ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಮೊದಲು ಕೇಳಿಸಿಕೊಂಡವರ ಕಣ್ಣ ಮುಂದೆ ಯಾರು ಬಂದಿರಬಹುದು? ದಾನಿಯೇಲ 11 ಓದುವಾಗ, ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿಸಿದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಮೃಗದ ಸಂಖ್ಯೆಯಾದ 666ಕ್ಕೆ ಬಂದಾಗ ರೋಮ್ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು, ಪ್ರತಿ ಅಕ್ಷರಕ್ಕಿರುವ ಸಂಖ್ಯೆಯನ್ನು ಕೂಡಿಸಿದೆವು. ಮೊತ್ತ ಅಷ್ಟೇ ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ. ಹೆಸರನ್ನು ಲ್ಯಾಟಿನ್ ರೂಪದಲ್ಲಿ ಬರೆದು, ಕೊನೆಯ ಅಕ್ಷರದ 50 ಕಳೆದರೆ ಅದೂ ಸಿಗುತ್ತದೆ.

ಗುಂಪಿನಲ್ಲಿ ಕ್ಯಾಥೊಲಿಕ್ ಸಹೋದರರೂ ಇದ್ದರು. 16ನೇ ಶತಮಾನದ ಸುಧಾರಕ ಲೂಥರ್ ಪೋಪ್ ಪದವಿಯನ್ನೇ ಕ್ರಿಸ್ತವಿರೋಧಿ ಅಂದದ್ದನ್ನೂ, ಪ್ರಾಟೆಸ್ಟೆಂಟರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಅದನ್ನೇ ಬರೆದಿಟ್ಟದ್ದನ್ನೂ ಅವರ ಮುಂದೆಯೇ ಹೇಳಿದೆ. ಮುಚ್ಚಿಡುವುದು ಸರಿಯಲ್ಲ ಅಲ್ವಾ? ಅದು ಆ ಕಾಲದ ಜಗಳದಲ್ಲಿ ಹುಟ್ಟಿದ ಓದು, ನಾನು ಅದನ್ನು ಒಪ್ಪುವುದಿಲ್ಲ ಎಂದೂ ಹೇಳಿದೆ. ಕೊನೆಗಾಲದಲ್ಲಿ ಏಳು ವರ್ಷದ ಮಹಾಸಂಕಟ, ಅದಕ್ಕೂ ಮೊದಲೇ ಸಭೆ, ಅಂದರೆ ವಿಶ್ವಾಸಿಗಳು, ಪರಲೋಕಕ್ಕೆ ಎತ್ತಲ್ಪಡುವುದು ಎಂಬ ಕ್ರಮ 19ನೇ ಶತಮಾನದ ಬೋಧಕ ಡಾರ್ಬಿಯಿಂದ, ಆಮೇಲೆ ಟಿಪ್ಪಣಿಗಳಿರುವ 1909ರ ಸ್ಕೋಫೀಲ್ಡ್ ಬೈಬಲಿನಿಂದ ಹರಡಿತು. ಆದರೆ ಕೊನೆಗಾಲದಲ್ಲಿ ಒಬ್ಬ ವ್ಯಕ್ತಿ ಬರುತ್ತಾನೆ ಎಂಬ ನಂಬಿಕೆ ತುಂಬ ಹಳೆಯದು. ಆದಿ ಸಭೆಯ ಬರಹಗಾರರಾದ ಐರೇನಿಯಸ್, ಹಿಪ್ಪೊಲಿಟಸ್ ಇಬ್ಬರೂ ಹಾಗೆ ನಂಬಿದ್ದರು. ನಾನೂ ನಂಬುತ್ತೇನೆ.

ಇಂದಿನ ನಾಯಕರ ಹೆಸರುಗಳಿಗೆ ಲೆಕ್ಕ ಹಾಕಿಕೊಂಡು ಬರುವ ಯುವಕರಿಗೆ ಐರೇನಿಯಸನನ್ನೇ ಓದಿಸುತ್ತೇನೆ. ಸುಮಾರು ಕ್ರಿ.ಶ. 180ರಲ್ಲೇ ಅವನು 666ಕ್ಕೆ ಹೊಂದುವ ಕೆಲವು ಹೆಸರು ಕೊಟ್ಟು, ಯಾವುದನ್ನೂ ಖಚಿತ ಮಾಡದೆ ಬಿಟ್ಟ. ಆ ಹೆಸರು ಈಗಲೇ ತಿಳಿಯಬೇಕಿದ್ದರೆ ಪ್ರಕಟನೆಯ ದರ್ಶನ ಕಂಡವನೇ ಹೇಳುತ್ತಿದ್ದ ಎಂಬುದು ಅವನ ವಾದ. ಅದಾದ ಮೇಲೆ 1 ಯೋಹಾನ 4 ತೆರೆಯುತ್ತೇವೆ. ಆತ್ಮಗಳನ್ನು ಪರೀಕ್ಷಿಸುವುದು ಹೇಗೆಂದು ಅಲ್ಲಿ ಬರೆದಿದೆ.