ಬೋಲ್ಟ್ ಕೂತರೆ ಬೆಲ್‌ಹೌಸಿಂಗ್ ಹೊಂದಿತೆಂದಲ್ಲ

ಒಂದು ಮಾದರಿಯ ಎಂಜಿನ್ನಿಗೆ ಇನ್ನೊಂದರ ಗೇರ್‌ಬಾಕ್ಸ್ ಜೋಡಿಸುವವರು, ಬೆಲ್‌ಹೌಸಿಂಗಿನ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತು ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ತೂತುಗಳು ಎಂಜಿನ್ ಬ್ಲಾಕಿನ ತೂತುಗಳಿಗೆ ಎದುರಾದ ಕೂಡಲೇ ಕೆಲಸ ಮುಗಿಯಿತೆಂದು ಸ್ಪ್ಯಾನರ್ ಕೈಗೆತ್ತಿಕೊಳ್ಳುವುದನ್ನು ಹಲವು ಸಲ ನೋಡಿದ್ದೇನೆ. ಬೋಲ್ಟುಗಳು ಹೌಸಿಂಗನ್ನು ಬಿಗಿ ಹಿಡಿಯುತ್ತವೆ, ಅಷ್ಟೆ; ಅದು ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಬ್ಲಾಕಿನಲ್ಲಿರುವ ಎರಡು ಡೋವೆಲ್ ಪಿನ್ನುಗಳು, ಅಂದರೆ ಸ್ಥಾನ ಹಿಡಿದಿಡುವ ಗಟ್ಟಿ ಗೂಟಗಳು.

ಮೊದಲು ತೂತುಗಳ ವಿನ್ಯಾಸವನ್ನು ನೋಡಿ, ಕಂಪನಿಯ ಹೆಸರನ್ನು ನಂಬಬೇಡಿ. ಫೋರ್ಡ್‌ನ ಸಣ್ಣ ವಿ8 ಎಂಜಿನ್ನಿಗೆ ಮೊದಲು ಐದು ಬೋಲ್ಟುಗಳಿದ್ದು, 1964ರಲ್ಲಿ ಆರಾದವು. ಷೆವರ್ಲೆಯ ಸಣ್ಣ ವಿ8ರ ತೂತುಗಳು 1955ರಿಂದ ದಶಕಗಳ ಕಾಲ ಒಂದೇ ರೀತಿ ಉಳಿದರೂ, 1986ರಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಫ್ಲಾಂಜ್ ಬದಲಾದದ್ದರಿಂದ ಅದಕ್ಕೆ ಬಿಗಿಯುವ ಭಾರದ ಚಕ್ರವಾದ ಹಳೆಯ ಫ್ಲೈವೀಲ್ ಹೊಸದಕ್ಕೆ ಕೂರುವುದಿಲ್ಲ.

ಅನಂತರ ಹೌಸಿಂಗಿನ ಆಳ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಉದ್ದ, ಅದರ ಮೇಲಿನ ಸ್ಪ್ಲೈನ್‌ಗಳ (ಉದ್ದುದ್ದ ಹಲ್ಲುಗಳ) ಎಣಿಕೆ, ಸ್ಟಾರ್ಟರಿನ ಸ್ಥಾನ ಮತ್ತು ಫ್ಲೈವೀಲಿನ ಅಂಚಿನ ರಿಂಗ್ ಗೇರಿನ ಹಲ್ಲುಗಳನ್ನು ತಾಳೆ ನೋಡಿ. ಹೊಂದದ ತೂತುಗಳನ್ನು ಜೋಡಿಸಲು ನಡುವೆ ಅಡಾಪ್ಟರ್ ಪ್ಲೇಟ್ ಹಾಕುವುದಾದರೆ ಅದರ ದಪ್ಪದಷ್ಟು ಶಾಫ್ಟ್ ಹಿಂದಕ್ಕೆ ಸರಿಯುತ್ತದೆ ಎಂಬುದು ನೆನಪಿರಲಿ. ಡೋವೆಲ್ ತೂತುಗಳಿಲ್ಲದ ಪ್ಲೇಟನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮುಂದಿನದೇ ಎಲ್ಲರೂ ಬಿಟ್ಟುಬಿಡುವ ಹಂತ. ಬ್ಲಾಕಿನ ಮುಖವನ್ನೂ ಹೌಸಿಂಗಿನ ಮುಖವನ್ನೂ ತುಕ್ಕು, ಬಣ್ಣ, ಹಳೆಯ ಗ್ಯಾಸ್ಕೆಟ್ಟಿನ ಚೂರು ಒಂದಿಷ್ಟೂ ಉಳಿಯದಂತೆ ಒರೆಸಿ, ಹೌಸಿಂಗನ್ನು ಡೋವೆಲ್‌ಗಳ ಮೇಲೆ ಕೂರಿಸಿ ಎಲ್ಲ ಬೋಲ್ಟುಗಳನ್ನೂ ಬಿಗಿಯಿರಿ. ಡಯಲ್ ಗೇಜಿನ ಕಾಂತದ ತಳವನ್ನು ಫ್ಲೈವೀಲಿಗೆ ಅಂಟಿಸಿ, ಅದರ ಅಳೆಯುವ ಕಡ್ಡಿಯ ತುದಿಯನ್ನು ಗೇರ್‌ಬಾಕ್ಸ್ ಕೂರುವ ಹಿಂಬದಿಯ ದುಂಡು ರಂಧ್ರದ ಒಳಗೋಡೆಗೆ ತಾಗಿಸಿರಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಕ್ರ್ಯಾಂಕ್ ಹಗುರಾಗಿ ತಿರುಗುತ್ತದೆ. ಒಂದು ಪೂರ್ಣ ಸುತ್ತು ನಿಧಾನವಾಗಿ ತಿರುಗಿಸಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳನ್ನು ಬರೆದುಕೊಳ್ಳಿ. ವ್ಯತ್ಯಾಸ 0.13 ಮಿ.ಮೀ. ಒಳಗಿದ್ದರೆ ಸರಿ. ಉದಾಹರಣೆಗೆ 0.36 ಮಿ.ಮೀ. ಬಂದರೆ, ಕೇಂದ್ರ ಸರಿದಿರುವುದು ಅದರ ಅರ್ಧ, ಅಂದರೆ 0.18 ಮಿ.ಮೀ.; ಅದು ಸುಮಾರು 0.007 ಇಂಚು, ಕೇಂದ್ರ ಅಷ್ಟೇ ಪಕ್ಕಕ್ಕೆ ಸರಿದಿರುವ ಡೋವೆಲ್ ಪಿನ್ನುಗಳು ಸಿಗುತ್ತವೆ. ಗೇಜಿನ ತುದಿ ಹೆಚ್ಚು ಒತ್ತಿಕೊಂಡ ಬದಿಗೇ ಹೌಸಿಂಗನ್ನು ಸರಿಸಬೇಕು, ಮತ್ತು ಎರಡೂ ಪಿನ್ನುಗಳ ಕೇಂದ್ರ ಸರಿದಿರುವುದು ಒಂದೇ ದಿಕ್ಕಿಗಿರಬೇಕು. ಆಮೇಲೆ ಮತ್ತೆ ಅಳೆಯಿರಿ, ಏಕೆಂದರೆ ಮೊದಲ ಸಲಕ್ಕೇ ಸರಿಯಾದದ್ದನ್ನು ನಾನಂತೂ ಅಪರೂಪವಾಗಿ ಕಂಡಿದ್ದೇನೆ. ಕಡ್ಡಿಯನ್ನು ಹೌಸಿಂಗಿನ ಹಿಂಬದಿಯ ಮುಖಕ್ಕೂ ತಾಗಿಸಿ ಓರೆಯನ್ನು ನೋಡಿಬಿಡಿ.

ತೂತುಗಳನ್ನು ಕೊರೆದು ಅಗಲ ಮಾಡಿ 'ಕಣ್ಣಳತೆ'ಗೆ ಬಿಗಿಯುವ ಅಡ್ಡದಾರಿಯೊಂದುಂಟು. ಹಾಗೆ ಜೋಡಿಸಿದ್ದ ಕಾರೊಂದರಲ್ಲಿ ಕ್ಲಚ್ ಒತ್ತಿದಾಗ ಕಿರುಗುಟ್ಟುವ ಸದ್ದು ಬರುತ್ತಿತ್ತು. ಬಿಚ್ಚಿ ನೋಡಿದರೆ ಪೈಲಟ್ ಬೇರಿಂಗ್ (ಕ್ರ್ಯಾಂಕಿನ ತುದಿಯಲ್ಲಿದ್ದು ಇನ್‌ಪುಟ್ ಶಾಫ್ಟಿನ ತುದಿಯನ್ನು ಹಿಡಿಯುವ ಬೇರಿಂಗ್) ಒಂದು ಬದಿ ಮಾತ್ರ ಸವೆದು ಅರ್ಧಚಂದ್ರದಂತಾಗಿತ್ತು.

ಕೊನೆಗೆ ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಉಪಕರಣದಿಂದ ಮಧ್ಯಕ್ಕೆ ತಂದು, ಗೇರ್‌ಬಾಕ್ಸನ್ನು ಕೈಯಿಂದಲೇ ಒಳಕ್ಕೆ ಸರಿಸಿ. ಎರಡು ಮುಖಗಳ ನಡುವೆ ಬೆರಳಗಲದ ಸಂದು ಉಳಿದು ಅದು ಮುಂದೆ ಹೋಗದಿದ್ದರೆ ಬೋಲ್ಟಿನಿಂದ ಎಳೆಯಬೇಡಿ. ಹಾಗೆ ಎಳೆದಾಗ ಗೇರ್‌ಬಾಕ್ಸ್ ಕೇಸಿನ ಕಿವಿ, ಅಂದರೆ ಬೋಲ್ಟ್ ಕೂರುವ ಚಾಚು, ಮುರಿಯುತ್ತದೆ. ಹೊರಕ್ಕೆ ತೆಗೆದು, ಪ್ಲೇಟಿನ ಕೇಂದ್ರವನ್ನೂ ಶಾಫ್ಟಿನ ತುದಿ ಪೈಲಟ್ ಬೇರಿಂಗಿನೊಳಗೆ ತಳ ಮುಟ್ಟಿದೆಯೇ ಎಂಬುದನ್ನೂ ಮತ್ತೆ ನೋಡಿ.