ಅರ್ಥವಾಗುತ್ತದೆ, ಆದರೆ ಹೀಗೆ ಬರೆಯುವುದಿಲ್ಲ

ಜಪಾನಿನ ನಗೋಯಾ ಹತ್ತಿರದ ಕಾರ್ಖಾನೆಗೆ ಬಂದ ಎರಡನೇ ವಾರ ನಾನು ಬರೆದ ಮೊದಲ ವರದಿ ಒಂದೇ ಪುಟದ್ದು. ಒಂದು ಬಿಡಿಭಾಗದ ಅಳತೆ ಏಕೆ ತಪ್ಪಿತು ಎಂಬುದರ ವಿವರಣೆ. ವಿಭಾಗದ ಹಿರಿಯರೊಬ್ಬರ ಮೇಜಿನ ಮೇಲೆ ಇಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅದು ಮೈತುಂಬ ಕೆಂಪು ಶಾಯಿ ಹೊತ್ತು ನನ್ನ ಮೇಜಿಗೆ ವಾಪಸಾಗಿತ್ತು. ವ್ಯಾಕರಣದ ತಪ್ಪು ಎಂದು ಹುಡುಕಿದರೆ ಎರಡೇ ಸಿಕ್ಕವು. ಮಿಕ್ಕ ಗುರುತುಗಳೆಲ್ಲ ಏತಕ್ಕೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅರ್ಥವಾಗುತ್ತದೆ. ಆದರೆ ಜಪಾನಿಯಲ್ಲಿ ಹೀಗೆ ಬರೆಯುವುದಿಲ್ಲ" ಎಂದರು.

ನನಗೆ ಅವಮಾನವಾಯಿತು. ಬಿಡದಿಯಲ್ಲಿ ಕೆಲಸ ಮಾಡುತ್ತಿದ್ದಾಗ ಸಂಜೆ ತರಗತಿಗಳಿಗೆ ಅಲೆದು, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಐದು ಹಂತಗಳಲ್ಲಿ ಎಲ್ಲಕ್ಕಿಂತ ಕಷ್ಟದ ಎನ್1 ದಾಟಿ ಬಂದವನು ನಾನು. ಆದರೆ ಆ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಓದಿ, ಕೇಳಿ, ಸರಿಯುತ್ತರದ ಗುಂಡನೆಯ ಖಾನೆಗೆ ಮಸಿ ತುಂಬಿದರಾಯಿತು. ಈಜಿನ ಬಗ್ಗೆ ಓದಿ ಪಾಸಾದವನನ್ನು ಬಾವಿಗೆ ಇಳಿಸಿದಂತಾಗಿತ್ತು ನನ್ನ ಸ್ಥಿತಿ.

ಅವರ ಆ ಮಾತನ್ನು ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಮೊದಲು ಮಾಡಿದ್ದು ಒಂದೇ ಕೆಲಸ. ಕೆಂಪು ಗುರುತು ಬಿದ್ದ ಪ್ರತಿ ವಾಕ್ಯವನ್ನೂ ಒಂದು ನೋಟ್‌ಬುಕ್ಕಿನ ಎಡಪುಟಕ್ಕೆ, ತಿದ್ದಿದ ರೂಪವನ್ನು ಬಲಪುಟಕ್ಕೆ ಬರೆದುಕೊಳ್ಳುತ್ತಾ ಹೋದೆ. ಹೀಗೆ ತಿದ್ದುವುದನ್ನು ಅಲ್ಲಿ ತೆನ್‌ಸಾಕು ಎನ್ನುತ್ತಾರೆ. ಮೂರು ತಿಂಗಳಾದ ಮೇಲೆ ಹಿಂದಿನಿಂದ ಓದಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಐದಾರು ಬಗೆಯವೇ ಆಗಿದ್ದವು. ಮತ್ತು ಅವುಗಳಲ್ಲಿ ಬಹುಪಾಲಿನ ಕೆಳಗೆ ಶುದ್ಧ ಕನ್ನಡ ವಾಕ್ಯವೊಂದು ಅಡಗಿ ಕೂತಿತ್ತು.

ಕನ್ನಡದವರಿಗೆ ಜಪಾನಿ ಸುಲಭ ಎಂದು ಹೇಳುವುದುಂಟು, ಅದು ಸುಳ್ಳೂ ಅಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ. "ನಿನ್ನೆ ಓದಿದ ಪುಸ್ತಕ" ಎನ್ನುವುದನ್ನು ಪದಕ್ಕೆ ಪದ ಇಟ್ಟು ಹೇಳಬಹುದು. "ಮಾಡಿ ನೋಡು" ಎಂದರೆ "ಯತ್ತೆ ಮಿರು", ಅಲ್ಲೂ 'ನೋಡು' ಎಂಬ ಪದವೇ. "ತಿಂದುಬಿಟ್ಟೆ"ಗೆ "ತಬೆತೆ ಶಿಮತ್ತ", "ಎಂದು"ವಿಗೆ "ತೊ". ಕನಸನ್ನು ಅವರೂ ನಮ್ಮಂತೆ 'ಕಾಣು'ತ್ತಾರೆ. ಇಂಗ್ಲಿಷಿನವರು ತಿಣುಕುವ ಕಡೆ ನಾವು ಸಲೀಸಾಗಿ ದಾಟುತ್ತೇವೆ. ಮಾತಾಡುವಾಗ ಇದು ದೊಡ್ಡ ವರ. ಬರೆಯಲು ಕೂತಾಗ ಇದೇ ನನ್ನ ಕಾಲಿಗೆ ತೊಡರಿತು. ಬೇರೆ ಎಂದು ಗೊತ್ತಿದ್ದರೆ ಎಚ್ಚರದಿಂದ ಇರುತ್ತೇವೆ. ಒಂದೇ ಎಂದುಕೊಂಡ ಕಡೆ ಎಚ್ಚರ ಎಲ್ಲಿಂದ ಬರಬೇಕು?

ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ. ಆ ಮೊದಲ ವರದಿಯಲ್ಲಿ ನಾನು ಬರೆದದ್ದರ ಕನ್ನಡ ರೂಪ ಇದು: "ಯಂತ್ರವನ್ನು ನಿಲ್ಲಿಸಿ, ಕವಚ ತೆಗೆದು, ಬೋಲ್ಟುಗಳನ್ನು ಪರೀಕ್ಷಿಸಿ, ಒಂದು ಸಡಿಲವಾಗಿರುವುದನ್ನು ಕಂಡು, ಅದನ್ನು ಬಿಗಿಮಾಡಿ, ಮತ್ತೆ ಯಂತ್ರ ಓಡಿಸಿದೆವು." ಕನ್ನಡದಲ್ಲಿ ಇದಕ್ಕೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. 'ನಿಲ್ಲಿಸಿ, ತೆಗೆದು, ಕಂಡು' ಎಂದು ಪೋಣಿಸುವುದು ನಮ್ಮ ಭಾಷೆಯ ನಡಿಗೆಯೇ. ಜಪಾನಿಯಲ್ಲೂ ಇದಕ್ಕೆ ಸಮನಾದ 'ತೆ' ರೂಪವಿದೆ, ಹಾಗಾಗಿ ನಾನು ಐದು 'ತೆ'ಗಳನ್ನು ಸರವಾಗಿ ಪೋಣಿಸಿದ್ದೆ. ಜಪಾನಿ ಓದುಗನಿಗೆ ಅದು ಪ್ರಾಥಮಿಕ ಶಾಲೆಯ ಮಗು ಪ್ರವಾಸದ ಬಗ್ಗೆ ಬರೆದ ಪ್ರಬಂಧದಂತೆ ಕೇಳಿಸುತ್ತದಂತೆ. ಒಂದಾದ ಮೇಲೊಂದು ನಡೆಯಿತೋ, ಒಂದರಿಂದ ಇನ್ನೊಂದು ಆಯಿತೋ ಎಂಬುದನ್ನು 'ತೆ' ಬಾಯಿಬಿಟ್ಟು ಹೇಳುವುದಿಲ್ಲ. ದೋಷದ ವರದಿ ಓದುವವನಿಗೆ ಬೇಕಾದದ್ದು ಅದೊಂದೇ. ಹಿರಿಯರು ಅದನ್ನು ಮೂರು ತುಂಡು ಮಾಡಿದ್ದರು. ಯಂತ್ರವನ್ನು ನಿಲ್ಲಿಸಿದೆವು. ಕವಚ ತೆಗೆದು ಪರೀಕ್ಷಿಸಿದಾಗ ಬೋಲ್ಟೊಂದರ ಸಡಿಲ ಕಂಡುಬಂತು. ಆದ್ದರಿಂದ ಬಿಗಿಮಾಡಿ ಮತ್ತೆ ಓಡಿಸಿದೆವು. 'ಕಂಡೆವು' ಹೋಗಿ 'ಕಂಡುಬಂತು' ಆದದ್ದನ್ನೂ ಗಮನಿಸಿ. ವರದಿಯಲ್ಲಿ ಮುಖ್ಯ ಬೋಲ್ಟು, ನಾವಲ್ಲ.

ಇನ್ನೊಂದು ತಪ್ಪು ನನಗೆ ಬಹಳ ದಿನ ಕಾಣಿಸಲೇ ಇಲ್ಲ. ನಮಗೆ 'ಈ' ಮತ್ತು 'ಆ' ಎರಡೇ: ಈ ಯಂತ್ರ, ಆ ಯಂತ್ರ. ಜಪಾನಿಗೆ ಮೂರು: ಕೊನೊ, ಸೊನೊ, ಅನೊ. ನಮ್ಮ 'ಆ' ಅವರ 'ಅನೊ'ವಿಗೆ ಸದ್ದಿನಲ್ಲೂ ಹತ್ತಿರ. ಆದ್ದರಿಂದ ಹಿಂದಿನ ವಾಕ್ಯದಲ್ಲಿ ಹೇಳಿದ ಯಂತ್ರವನ್ನು ಮುಂದಿನದರಲ್ಲಿ 'ಆ ಯಂತ್ರ' ಎನ್ನಬೇಕಾದಾಗ ಕೈ ತಾನಾಗಿಯೇ 'ಅನೊ' ಬರೆಯುತ್ತಿತ್ತು. ಬರಹದಲ್ಲಿ ಮೇಲೆ ಹೇಳಿದ್ದನ್ನು ಸೂಚಿಸಲು ಬಳಸಬೇಕಾದದ್ದು 'ಸೊನೊ'. 'ಅನೊ' ಎಂದರೆ ಬರೆದವನಿಗೂ ಓದುವವನಿಗೂ ಇಬ್ಬರಿಗೂ ಮೊದಲೇ ಗೊತ್ತಿರುವ, ನೆನಪಿನಲ್ಲಿರುವ ಆ ಯಂತ್ರ. ನನ್ನ ವರದಿ ಓದಿದವರು, ಯಾವುದಪ್ಪ ಇದು, ನಾವಿಬ್ಬರೂ ಸೇರಿ ಯಾವಾಗ ನೋಡಿದ್ದೆವು ಎಂದು ಒಂದು ಕ್ಷಣ ತಡಕಾಡಬೇಕಾಗಿತ್ತು.

'ನಾನು' ಎಂಬರ್ಥದ 'ವತಾಶಿ' ಪದದ ಕಥೆ ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ 'ಬಂದೆ' ಎಂದರೆ ಸಾಕು, 'ನಾನು' ಎಂಬುದು ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಜಪಾನಿ ಕ್ರಿಯಾಪದದಲ್ಲಿ ನಾನು, ನೀನು, ಅವನು ಯಾವುದೂ ಇಲ್ಲ. ಗೊಂದಲವಾದೀತೆಂಬ ಭಯಕ್ಕೆ ನಾನು ವಾಕ್ಯಕ್ಕೊಂದು 'ವತಾಶಿ ವ' ಅಂಟಿಸುತ್ತಿದ್ದೆ. ಹಿರಿಯರು ಎಲ್ಲವನ್ನೂ ಹೊಡೆದುಹಾಕಿದರು. ಹಾಗಾದರೆ ಯಾರು ಯಾರಿಗೆ ಮಾಡಿದರು ಎಂದು ತಿಳಿಯುವುದು ಹೇಗೆ? ದಿಕ್ಕು ತೋರಿಸುವ ಸಹಾಯಕ ಕ್ರಿಯಾಪದಗಳಿಂದ. "ಗ್ರಾಹಕರು ನಕ್ಷೆ ಕಳಿಸಿದರು" ಎಂದು ನಾನು ಬರೆದಿದ್ದೆ. ಅದು ನಮ್ಮ ಕಡೆಗೆ ಬಂದ ಉಪಕಾರವಾದ್ದರಿಂದ "ಒಕುತ್ತೆ ಕುದಸೈಮಶಿತ", ಅಂದರೆ ಸರಿಸುಮಾರು "ಕಳಿಸಿಕೊಟ್ಟರು" ಎಂದಾಗಬೇಕು. ಅದು ಬಂದ ಕೂಡಲೇ 'ನಮಗೆ' ಎಂಬ ಪದ ಬೇಡವಾಗುತ್ತದೆ, ಮರ್ಯಾದೆಯೂ ಸಲ್ಲುತ್ತದೆ. ಇದು ತಲೆಗೆ ಹತ್ತಿದ ದಿನ ನನ್ನ ಹಳೆಯ ಇಮೇಲ್‌ಗಳನ್ನು ತೆರೆದು ನೋಡಿದೆ. ಗ್ರಾಹಕರ ಉಪಕಾರಗಳನ್ನೆಲ್ಲ ನಾನು ಹವಾಮಾನ ವರದಿಯಂತೆ ದಾಖಲಿಸಿದ್ದೆ.

ಮರ್ಯಾದೆ ಎಂದಾಗ ನೆನಪಾಯಿತು. ಒಮ್ಮೆ ಗ್ರಾಹಕರಿಗೆ ಬರೆದ ಪತ್ರದಲ್ಲಿ "ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ" ಎನ್ನುವಾಗ ಅವರ ಹೆಸರಿಗೆ 'ಸಾನ್' ಸೇರಿಸಿ, 'ಹೇಳು' ಎಂಬುದಕ್ಕೆ ಅತ್ಯಂತ ಗೌರವದ 'ಒಶ್ಶೈಮಶಿತ' ಬಳಸಿದ್ದೆ. ನಮ್ಮಲ್ಲಿ ಹಿರಿಯರಿಗೆ ಯಾರ ಮುಂದೆಯಾದರೂ ಬಹುವಚನವೇ. ಹೊರಗಿನವರ ಮುಂದಂತೂ ಇನ್ನೂ ಹೆಚ್ಚು. ಜಪಾನಿಯಲ್ಲಿ ಹೊರಗಿನವರ ಮುಂದೆ ನಮ್ಮ ಕಡೆಯವರೆಲ್ಲ ತಗ್ಗಬೇಕು, ಮುಖ್ಯಸ್ಥರೂ ಸಹ. ಹೆಸರಿಗೆ 'ಸಾನ್' ಇಲ್ಲ, ಕ್ರಿಯಾಪದ ವಿನಯದ 'ಮೋಶಿತೆ ಒರಿಮಶಿತ'. ನಿಯಮ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸಿದ್ದೆ ಕೂಡ. ಆದರೂ ಕೈ ಒಪ್ಪಿರಲಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರ ಹೆಸರನ್ನು ಬರಿದಾಗಿ ಬರೆಯುವಾಗ ಇವತ್ತಿಗೂ ಬೆರಳು ಒಂದು ಕ್ಷಣ ತಡೆಯುತ್ತದೆ.

ಇವೆಲ್ಲ ತಪ್ಪು ಕಳೆಯುವ ಕೆಲಸವಾಯಿತು. ತಪ್ಪಿಲ್ಲದ ಬರಹ ಒಳ್ಳೆಯ ಬರಹವೇನಲ್ಲ. ಆ ಎರಡನೆಯದಕ್ಕೆ ನನಗೆ ಒದಗಿದ್ದು ಹಳೆಯ ಕಾಲದ ಉಪಾಯ, ನಕಲು. ಅಸಾಹಿ ಪತ್ರಿಕೆಯಲ್ಲಿ 1904ರಲ್ಲಿ ಶುರುವಾದ 'ತೆನ್‌ಸೇ ಜಿಂಗೊ' ಎಂಬ ಅಂಕಣವಿದೆ, ಸುಮಾರು 600 ಅಕ್ಷರದ್ದು. ಅದನ್ನು ಕೈಯಲ್ಲಿ ನಕಲು ಮಾಡುವ ಜಪಾನಿಯರು ಎಷ್ಟಿದ್ದಾರೆಂದರೆ, ಅದಕ್ಕೆಂದೇ ಪತ್ರಿಕೆ ನೋಟ್‌ಬುಕ್ ಮಾರುತ್ತದೆ. ನಾನು ಸಾಲಿಗೆ 20ರಂತೆ 400 ಚೌಕಗಳಿರುವ ಗೆಂಕೋ ಯೋಶಿ ಹಾಳೆ ತಂದು, ಕೆಲಸಕ್ಕೆ ಹೊರಡುವ ಮೊದಲು ಅರ್ಧ ಗಂಟೆ ಬರೆಯುತ್ತಿದ್ದೆ. ಅಕ್ಷರಕ್ಕೊಂದು ಚೌಕ, ವಿರಾಮ ಚಿಹ್ನೆಗೂ ಒಂದು ಚೌಕ. ಓದುವಾಗ ಕಣ್ಣು ಹಾರಿಹೋಗುವ ಜಾಗದಲ್ಲೆಲ್ಲ ಕೈ ನಿಲ್ಲಲೇಬೇಕು.

ಹೀಗೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ವಾಕ್ಯದ ಬಾಲ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು, ಬಂದೆವು ಎಂದು ಕರ್ತೃ ಬದಲಾದಂತೆ ಕೊನೆಯ ಸದ್ದೂ ಬದಲಾಗುತ್ತದೆ, ಏಕತಾನ ತಾನಾಗಿಯೇ ಮುರಿಯುತ್ತದೆ. ಜಪಾನಿಯಲ್ಲಿ ಯಾರು ಬಂದರೂ ಅದೇ 'ಮಶಿತ'. ನನ್ನ ವರದಿಗಳು ಮಶಿತ, ಮಶಿತ, ಮಶಿತ ಎಂದು ಚಕ್ಕಡಿ ಗಾಡಿಯಂತೆ ಕುಲುಕುತ್ತಿದ್ದವು. ಅಂಕಣಕಾರರು ಅಲ್ಲಲ್ಲಿ ವಾಕ್ಯವನ್ನು ನಾಮಪದದಲ್ಲೇ ನಿಲ್ಲಿಸುತ್ತಾರೆ, ನಡೆದುಹೋದದ್ದರ ನಡುವೆ ವರ್ತಮಾನದ ಒಂದು ಕ್ರಿಯಾಪದ ತರುತ್ತಾರೆ, ಒಂದು ಪ್ರಶ್ನೆ ಹಾಕುತ್ತಾರೆ. ಅವರು ದಾಟದ ಗೆರೆಯೂ ಒಂದಿದೆ: ವಿನಯದ 'ದೆಸು–ಮಸು' ಶೈಲಿ ಮತ್ತು ನೇರವಾದ 'ದ–ದೆಅರು' ಶೈಲಿಯನ್ನು ಒಂದೇ ಬರಹದಲ್ಲಿ ಬೆರೆಸುವುದಿಲ್ಲ. ನಾನು ಒಂದೇ ಪುಟದಲ್ಲಿ ಎರಡನ್ನೂ ಹದವಿಲ್ಲದೆ ಕಲಸಿದ್ದೆ.

ಎರಡನೆಯದು ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು. ಪರೀಕ್ಷೆ ಪಾಸಾದವನ ಗರ್ವ. ಕಂಪ್ಯೂಟರ್ ಬೇರೆ ಗುಂಡಿ ಒತ್ತಿದರೆ ಎಂಥ ಪದವನ್ನೂ ಕಾಂಜಿಗೆ ತಿರುಗಿಸಿ ಕೊಡುತ್ತದೆ. 2010ರ ಪರಿಷ್ಕೃತ ಪಟ್ಟಿಯಲ್ಲಿ ದಿನಬಳಕೆಯ ಕಾಂಜಿಗಳೇ 2,136. ಕಲಿತದ್ದನ್ನೆಲ್ಲ ತೋರಿಸಬೇಕೆಂಬ ಚಪಲ. ಒಂದು ದಿನ ಹಿರಿಯರು ನನ್ನ ಹಾಳೆಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದಕ್ಷರವನ್ನೂ ಓದದೆ, "ಪುಟ ಕಪ್ಪಾಗಿದೆ" ಎಂದರು. 'ಕೊತೊ', 'ತೊಕಿ'ಯಂಥ ವ್ಯಾಕರಣದ ಕೆಲಸಕ್ಕಷ್ಟೇ ನಿಂತ ಪದಗಳನ್ನು ಉಚ್ಚಾರಣೆಯಂತೆ ಬರೆಯುವ ಸರಳ ಲಿಪಿಯಾದ ಹಿರಗಾನದಲ್ಲಿ ಬರೆದರೆ ಪುಟಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಚೀನೀ ಮೂಲದ ಪದ ಮತ್ತು ಅಚ್ಚ ಜಪಾನಿ ಪದದ ಆಯ್ಕೆಯೂ ಇದರ ತಂಗಿಯೇ. 'ಕೈಶಿ ಸುರು' ಎಂದರೆ ಪ್ರಾರಂಭಿಸು, 'ಹಜಿಮೆರು' ಎಂದರೆ ಶುರುಮಾಡು. ಇದನ್ನು ಮಾತ್ರ ನನಗೆ ಯಾರೂ ವಿವರಿಸಬೇಕಾಗಲಿಲ್ಲ. "ಕ್ರಮವಹಿಸತಕ್ಕದ್ದು" ಎಂದು ಮುಗಿಯುವ ಸುತ್ತೋಲೆಗಳನ್ನು ಓದಿ ಬೆಳೆದ ಕನ್ನಡಿಗನಿಗೆ, ಸಂಸ್ಕೃತ ಎಷ್ಟು ಹಾಕಿದರೆ ಗಾಂಭೀರ್ಯ, ಎಷ್ಟು ಮೀರಿದರೆ ಗಂಟಲಿಗೆ ಸಿಕ್ಕೀತು ಎಂಬುದು ಗೊತ್ತಿರುತ್ತದೆ. ಆ ಕಿವಿಯನ್ನು ಹಾಗೆಯೇ ಜಪಾನಿಗೆ ಒಯ್ದೆ, ಅದು ಚೆನ್ನಾಗಿಯೇ ಕೆಲಸ ಮಾಡಿತು.

ಯಾವ ಪದದ ಜೊತೆ ಯಾವುದು ಕೂರುತ್ತದೆ ಎಂಬ ಅನುಮಾನಕ್ಕೆ ನಿಘಂಟು ಸಾಲದು. ರಾಷ್ಟ್ರೀಯ ಜಪಾನಿ ಭಾಷಾ ಸಂಶೋಧನಾಲಯವು 2011ರಲ್ಲಿ ಹೊರತಂದ ಲಿಖಿತ ಭಾಷೆಯ ಸಂಗ್ರಹದಲ್ಲಿ ಸುಮಾರು 10 ಕೋಟಿ ಪದಗಳಿವೆ; ಹೆಸರು ನೋಂದಾಯಿಸಿಕೊಂಡರೆ 'ಚೂನಗೋನ್' ಎಂಬ ಸಾಧನದಲ್ಲಿ ಹುಡುಕಬಹುದು. ಪರಿಹಾರ ಕ್ರಮಕ್ಕೆ, ಅಂದರೆ ತೈಸಾಕುವಿಗೆ, ನಾನು ಎಲ್ಲೆಡೆ 'ಮಾಡು' ಎಂಬರ್ಥದ 'ಸುರು' ಬಳಸುತ್ತಿದ್ದೆ, ಮಾತಿನಲ್ಲಿ ಅದು ನಡೆಯುತ್ತದೆ. ಬರಹದಲ್ಲಿ ನಾವು ಕ್ರಮ 'ಕೈಗೊಳ್ಳು'ವಂತೆ ಅವರು ತೈಸಾಕುವನ್ನು 'ಕೋಜಿರು' ಎನ್ನುತ್ತಾರೆ. ಈಗ ತಿದ್ದಿಕೊಡುವ ತಂತ್ರಾಂಶಗಳೂ ಬಂದಿವೆ, ನಾನೂ ಬಳಸುತ್ತೇನೆ. ಅವು ತಪ್ಪನ್ನು ಅಳಿಸುತ್ತವೆ, ಅದೇ ತಪ್ಪನ್ನು ಹೋದ ವಾರವೂ ಮಾಡಿದ್ದೆ ಎಂದು ಹೇಳುವುದಿಲ್ಲ. ನೋಟ್‌ಬುಕ್ ಹೇಳುತ್ತದೆ.

ಅಲ್ಪವಿರಾಮ ಮಾತ್ರ ಇನ್ನೂ ನನಗೆ ಒಲಿದಿಲ್ಲ. ಅದರ ಆಕಾರಕ್ಕೆ ಸರ್ಕಾರದ ಮಾರ್ಗಸೂಚಿಯೇ ಇದೆ: ಸರ್ಕಾರಿ ದಾಖಲೆಗಳ ಅಡ್ಡಸಾಲಿನ ಬರಹಕ್ಕೆ ಇಂಗ್ಲಿಷ್ ಮಾದರಿಯ ಚಿಹ್ನೆ ಹಾಕಿ ಎಂದು 1952ರಲ್ಲಿ ಹೇಳಿದ್ದವರು 2022ರಲ್ಲಿ ಜಪಾನಿ ಚಿಹ್ನೆಗೆ ಮರಳಿದರು. ಎಲ್ಲಿ ಹಾಕಬೇಕು ಎಂಬುದಕ್ಕೆ ಅಷ್ಟು ಖಚಿತವಾದ ನಿಯಮವಿಲ್ಲ. ನಾನು ಕನ್ನಡದ ಉಸಿರಿಗೆ ತಕ್ಕಂತೆ ಹಾಕುತ್ತೇನೆ, ಆಮೇಲೆ ಅರ್ಧ ತೆಗೆಯುತ್ತೇನೆ. ಕಳೆದ ತಿಂಗಳು ತೆಗೆಯಬಾರದ್ದನ್ನು ತೆಗೆದೆ. "ಗಾಬರಿಯಿಂದ, ಗುಂಡಿ ಒತ್ತಿದ ಕೆಲಸಗಾರನನ್ನು ಕರೆದೆ" ಎಂದಿರಬೇಕಾದ ಕಡೆ ಆ ಒಂದು ಚುಕ್ಕೆ ಇರಲಿಲ್ಲ. ಗುಣಮಟ್ಟ ವಿಭಾಗದಿಂದ ಫೋನ್ ಬಂತು.

"ವರದಿ ಓದಿದೆ. ಒಂದೇ ಅನುಮಾನ. ಗಾಬರಿಯಾಗಿದ್ದು ನಿಮಗೋ, ಅವರಿಗೋ?"

ಇಬ್ಬರಿಗೂ ಎಂದೆ.