ನಿನ್ನ ಮನೆಯಲ್ಲಿ ಏನಿದೆ? ಹಣದ ಭಯ ಕಾಡುವ ಕ್ರೈಸ್ತ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ ಹಣದ ಭಯ ಬಡವರನ್ನಷ್ಟೇ ಕಾಡುವುದಿಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಗೆ ಮುಂದಿನ ವಾರದ ಕಂತಿನ ಚಿಂತೆಯಾದರೆ, ಜಮಖಂಡಿಯ ಕಬ್ಬಿನ ರೈತನಿಗೆ ಬಿಲ್ಲು ಯಾವಾಗ ಬಂದೀತೆಂಬ ಚಿಂತೆ, ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಒಣದ್ರಾಕ್ಷಿಯ ದರದ ಚಿಂತೆ, ಬೆಳಗಾವಿಯಲ್ಲಿ ತಿಂಗಳ ಸಂಬಳ ಎಣಿಸುವವರಿಗೆ ಮಕ್ಕಳ ಕಾಲೇಜಿನ ಶುಲ್ಕದ ಚಿಂತೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಪಾಸ್‌ಬುಕ್ಕು ಟ್ರಂಕಿನ ತಳದಲ್ಲಿರುತ್ತದೆ, ಮತ್ತು ಒಟ್ಟು ಸಾಲ ಎಷ್ಟೆಂದು ಕೇಳಿದರೆ ಗಂಡ ಒಂದು ಮೊತ್ತ, ಹೆಂಡತಿ ಇನ್ನೊಂದು ಮೊತ್ತ ಹೇಳುತ್ತಾರೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯಜಮಾನನು ಆಳುಗಳಿಗೆ ತಲಾಂತುಗಳನ್ನು ಒಪ್ಪಿಸಿ ಹೋಗುವ ಸಾಮ್ಯವಿದೆ. ಒಂದೇ ತಲಾಂತು ಪಡೆದವನು ಅದನ್ನು ಕುಡಿದು ಹಾಳುಮಾಡಲಿಲ್ಲ, ಕದಿಯಲೂ ಇಲ್ಲ. ನೆಲ ಅಗೆದು ಹೂತಿಟ್ಟನು. ಕಾರಣ ಕೇಳಿದಾಗ ಅವನು ಹೇಳಿದ್ದು ತನಗೆ ಹೆದರಿಕೆಯಾಯಿತು ಎಂದೇ. ಒಂದು ತಲಾಂತೆಂದರೆ ಆ ಕಾಲದ ಕೂಲಿಯಾಳಿನ ಹತ್ತಾರು ವರ್ಷಗಳ ದುಡಿಮೆ. ಅಷ್ಟು ದೊಡ್ಡ ಹೊಣೆಯನ್ನು ಭಯವು ಮಣ್ಣಿನೊಳಗೆ ಸೇರಿಸಿತು. ಲೆಕ್ಕವನ್ನು ಕಣ್ಣಿನಿಂದ ಮರೆಮಾಡಿ, ದೇವರು ನೋಡಿಕೊಳ್ಳುತ್ತಾನೆ ಎನ್ನುವುದನ್ನು ನಾವು ಎಷ್ಟೋ ಸಲ ನಂಬಿಕೆಯೆಂದು ಕರೆಯುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಹೂತಿಡುವ ಕೆಲಸವೇ. ನಾಳೆಯ ವಿಷಯದಲ್ಲಿ ಚಿಂತಿಸಬೇಡಿರಿ ಎಂದ ಕರ್ತನೇ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಲೆಕ್ಕ ಹಾಕಬೇಕಲ್ಲವೇ ಎಂದು ಲೂಕನ ಸುವಾರ್ತೆಯಲ್ಲಿ ಕೇಳುತ್ತಾನೆ. ತಂದೆಯ ಮೇಲಿನ ಭರವಸೆಯೇ ಲೆಕ್ಕದ ಪುಸ್ತಕ ತೆರೆಯುವ ಧೈರ್ಯವನ್ನು ಕೊಡಬೇಕು.

ಆರಂಭಕ್ಕೆ ಎರಡನೆಯ ಅರಸುಗಳು ಗ್ರಂಥದ 4ನೆಯ ಅಧ್ಯಾಯಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ. ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆ. ವಿಧವೆಯ ಮೊರೆಗೆ ಎಲೀಷನು ಮೊದಲು ಕೇಳುವುದು, ನಿನ್ನ ಮನೆಯಲ್ಲಿ ಏನಿದೆ ಎಂದು. ಸ್ವಲ್ಪ ಎಣ್ಣೆಯ ಹೊರತು ಏನೂ ಇಲ್ಲ ಎನ್ನುತ್ತಾಳೆ ಅವಳು. ಅವನು ಹೇಳಿದಂತೆ ನೆರೆಯವರಿಂದ ಬರಿದಾದ ಪಾತ್ರೆಗಳನ್ನು ತಂದು, ಮಕ್ಕಳ ಸಮೇತ ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ಯುತ್ತಾಳೆ; ಪಾತ್ರೆಗಳೆಲ್ಲ ತುಂಬುತ್ತವೆ. ಕೊನೆಗೆ, ಮಾರು, ಸಾಲ ತೀರಿಸು, ಉಳಿದದ್ದರಿಂದ ಜೀವನ ಮಾಡು ಎಂಬ ಅಪ್ಪಣೆ ಬರುತ್ತದೆ. ನೀವೂ ಒಂದು ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಮನೆಯವರೆಲ್ಲ ಕೂಡಿ ಕೂತುಕೊಳ್ಳಿರಿ. ತಿಳಿವಳಿಕೆ ಬಂದ ಮಕ್ಕಳೂ ಇರಲಿ. ಪ್ರಾರ್ಥನೆ ಮಾಡಿ ಒಂದು ಸಾದಾ ನೋಟುಬುಕ್ಕನ್ನು ತೆರೆಯಿರಿ.

ಮೊದಲ ಪುಟದಲ್ಲಿ ಇರುವುದನ್ನು ಬರೆಯಿರಿ: ಬ್ಯಾಂಕಿನ ಹಣ, ಬಂಗಾರ, ದನ, ಮಗ್ಗ, ಭಿಸಿಯಲ್ಲಿ (ಚೀಟಿಯಲ್ಲಿ) ಕಟ್ಟಿದ್ದು, ಬೇರೆಯವರಿಂದ ಬರಬೇಕಾದ ಕೈಗಡ. ಎರಡನೆಯ ಪುಟಕ್ಕೆ ಕೊಡಬೇಕಾದದ್ದು ಬರಲಿ, ಮತ್ತು ಇಲ್ಲಿ ಯಾವುದನ್ನೂ ಬಿಡಬಾರದು. ಕಿರಾಣಿ ಅಂಗಡಿಯ ಉದ್ರಿ, ಗೊಬ್ಬರದಂಗಡಿಯ ಬಾಕಿ, ಸಂಘದ ಸಾಲ, ಬಂಗಾರ ಒತ್ತೆಯಿಟ್ಟ ಸಾಲ, ಮೊಬೈಲ್ ಆ್ಯಪಿನಲ್ಲಿ ತೆಗೆದದ್ದು, ಬೀಗರ ಹತ್ತಿರ ಪಡೆದದ್ದು, ಎಲ್ಲವೂ ಇರಲಿ. ಪ್ರತಿಯೊಂದರ ಮುಂದೆ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ಬರೆಯಿರಿ. ನೂರಕ್ಕೆ ಮೂರು ಎಂದರೆ ಸಣ್ಣದಾಗಿ ಕೇಳುತ್ತದೆ. ತಿಂಗಳಿಗೆ ಮೂರಾದರೆ ವರ್ಷಕ್ಕೆ 36. ನೀವು ಯಾರಿಗಾದರೂ ಜಾಮೀನು ನಿಂತಿದ್ದರೆ ಅದನ್ನೂ ಬೇರೆ ಸಾಲಿನಲ್ಲಿ ನಮೂದಿಸಿರಿ. ಜ್ಞಾನೋಕ್ತಿಗಳ 6ನೆಯ ಅಧ್ಯಾಯ, ಹೊಣೆಯಾದವನು ನಿದ್ದೆಗೆ ಅವಕಾಶ ಕೊಡದೆ ಬೇಟೆಗಾರನ ಕೈಯಿಂದ ಜಿಂಕೆ ಪಾರಾಗುವಂತೆ ತಪ್ಪಿಸಿಕೊಳ್ಳಲಿ ಎಂದು ಎಚ್ಚರಿಸುತ್ತದೆ. ಸಹೋದರನಿಗೆ ಸಹಾಯ ಮಾಡಬೇಕೆನಿಸಿದರೆ ಕೈಲಾದಷ್ಟು ಹಣ ಕೊಡಿರಿ. ಸಹಿ ಕೊಡುವ ಮುನ್ನ ಮನೆಯವರೊಂದಿಗೆ ಮಾತಾಡಿರಿ.

ನಮ್ಮ ಜಿಲ್ಲೆಗಳ ದೊಡ್ಡ ಕಷ್ಟವೆಂದರೆ ಆದಾಯವು ತಿಂಗಳುಗಳ ಅಳತೆಯಲ್ಲಿ ಬರುವುದಿಲ್ಲ. ಕಬ್ಬಿನ ಹಣ, ಒಣದ್ರಾಕ್ಷಿಯ ಹಣ ವರ್ಷಕ್ಕೊಮ್ಮೆ ಗಂಟಾಗಿ ಬರುತ್ತವೆ; ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಮದುವೆ, ಹಬ್ಬಗಳ ಕಾಲದಲ್ಲಿ ಬೇಡಿಕೆ ಏರಿ ಆಮೇಲೆ ಇಳಿಯುತ್ತದೆ. ಗಂಟು ಬಂದಾಗ ಭಯ ಮರೆಯುತ್ತದೆ, ಅದು ಕರಗಿದಾಗ ಇಮ್ಮಡಿಯಾಗಿ ಮರಳುತ್ತದೆ. ಇದಕ್ಕೆ ಸತ್ಯವೇದದಲ್ಲಿ ಎರಡು ಪಾಠಗಳಿವೆ. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕೆಂದಿತ್ತು. ಅಪನಂಬಿಕೆಯಿಂದ ಮರುದಿನಕ್ಕೆ ಉಳಿಸಿಕೊಂಡವರ ಮನ್ನ ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿರೆಂದು ದೇವರೇ ಅಪ್ಪಣೆಕೊಟ್ಟನು, ಆ ಉಳಿಕೆ ಕೆಡಲಿಲ್ಲ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದರಲ್ಲಿ ಒಂದು ಪಾಲನ್ನು ಶೇಖರಿಸಿದ್ದರಿಂದ ಬರಗಾಲದಲ್ಲಿ ಜನರು ಬದುಕಿದರು. ಆದ್ದರಿಂದ ಉಳಿತಾಯ ಮಾಡುವವನ ನಂಬಿಕೆ ಕಡಿಮೆಯೆಂದು ಯಾರಾದರೂ ಬೋಧಿಸಿದರೆ ಒಪ್ಪಬೇಕಾಗಿಲ್ಲ.

ಉದಾಹರಣೆಗೆ ಈ ವರ್ಷದ ಕಬ್ಬಿನ ಬಿಲ್ಲು 2,40,000 ರೂಪಾಯಿ ಎಂದಿಟ್ಟುಕೊಳ್ಳಿ. ಯೋಸೇಫನ ಪಾಲು 48,000, ದಶಮಾಂಶ 24,000, ಮುಂದಿನ ಬೆಳೆಯ ಬೀಜ, ಗೊಬ್ಬರ, ಕೂಲಿಗೆ 60,000. ಉಳಿದ 1,08,000 ರೂಪಾಯಿಯನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000. ಆ ಮನೆಯ ಸಂಬಳ ಅಷ್ಟೇ. ಕಬ್ಬಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು ಪ್ರತಿ ತಿಂಗಳ ಮೊದಲ ದಿನ ಅಷ್ಟನ್ನೇ ತೆಗೆಯಿರಿ. ಸಾಲವಿದ್ದರೆ ಯೋಸೇಫನ ಪಾಲಿನಲ್ಲಿ ಒಂದು ತಿಂಗಳ ಖರ್ಚಿನಷ್ಟನ್ನು ಆಪತ್ತಿಗೆ ಉಳಿಸಿಕೊಂಡು ಮಿಕ್ಕದ್ದನ್ನು ಹೆಚ್ಚು ಬಡ್ಡಿಯ ಸಾಲಕ್ಕೆ ಕಟ್ಟಿರಿ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಿಲ್ಲು ಕೈಗೆ ಬರುವ ಮೊದಲೇ ಅದನ್ನು ನಂಬಿ ಯಾರಿಗೂ ದಿನಾಂಕದ ಮಾತು ಕೊಡಬೇಡಿರಿ.

ಸಾಲದ ವಿಷಯದಲ್ಲಿ ಕ್ರೈಸ್ತನ ನಿಲುವು ಸ್ಪಷ್ಟ: ಪಡೆದದ್ದನ್ನು ತೀರಿಸಬೇಕು. ತೀರಿಸಲಾಗದ ತಿಂಗಳಲ್ಲಿ ಅಡಗಿಕೊಳ್ಳದೆ, ಕಂತಿನ ದಿನಕ್ಕೆ ಮೊದಲೇ ಹೋಗಿ ಪರಿಸ್ಥಿತಿ ಹೇಳಿ ಅವಧಿ ಕೇಳಿರಿ. ಹಳೆಯ ಕಂತಿಗಾಗಿ ಹೊಸ ಸಂಘದಲ್ಲಿ ಸಾಲ ತೆಗೆಯುವ ರೂಢಿ ನಮ್ಮ ಓಣಿಗಳಲ್ಲಿ ಎಷ್ಟು ಹೆಣ್ಣುಮಕ್ಕಳ ನಿದ್ದೆ ಕೆಡಿಸಿದೆಯೆಂದು ಎಲ್ಲರೂ ಬಲ್ಲರು. ಹೊಸದರ ಬಡ್ಡಿ ಹಳೆಯದಕ್ಕಿಂತ ನಿಜವಾಗಿ ಕಡಿಮೆಯಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ನಿಮ್ಮ ಹಕ್ಕುಗಳನ್ನೂ ತಿಳಿದಿರಿ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳ ಪ್ರಕಾರ ಮೈಕ್ರೋಫೈನಾನ್ಸ್ ಸಾಲವೆಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲ. ಹೊಸದಾಗಿ ಸಾಲ ಕೊಡುವಾಗ ಕುಟುಂಬದ ಎಲ್ಲ ಸಾಲಗಳ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಬೆದರಿಕೆ ಬಂದರೆ ಸಭಾಪಾಲಕರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಲು ನಾಚಬೇಕಾಗಿಲ್ಲ.

ಉಳಿಸಿದ ಹಣ ಎಲ್ಲಿದೆ ಎಂಬುದೂ ಮುಖ್ಯ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ ಸಹ, ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ; ಹೆಚ್ಚಿನ ಬಡ್ಡಿಯ ಆಸೆಗೆ ಮಗಳ ಮದುವೆಯ ಹಣವನ್ನೆಲ್ಲ ಅಲ್ಲಿಡುವ ಮುನ್ನ ಇದನ್ನು ನೆನೆಯಿರಿ. ಮನೆ ನಡೆಸುವವರ ಹೆಸರಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆಗಳನ್ನು ಬ್ಯಾಂಕಿನಲ್ಲೇ ಮಾಡಿಸಬಹುದು. ಮೊದಲನೆಯದು ಯಾವುದೇ ಕಾರಣದ ಮರಣಕ್ಕೆ, ಎರಡನೆಯದು ಅಪಘಾತದ ಮರಣಕ್ಕೆ ತಲಾ 2 ಲಕ್ಷ ರೂಪಾಯಿ ಕೊಡುತ್ತದೆ.

ಕಾಣಿಕೆಯ ವಿಷಯದಲ್ಲಿ ನನಗೆ ಹೆಚ್ಚಿನ ಕಳವಳವಿದೆ. ಸಾಲದಲ್ಲಿ ಮುಳುಗಿದ ಕುಟುಂಬಕ್ಕೆ, ಸಾಲ ತಂದಾದರೂ ಬೀಜದ ಕಾಣಿಕೆ ಹಾಕು, ನೂರರಷ್ಟಾಗಿ ಮರಳುತ್ತದೆ ಎಂದು ಹೇಳುವವರಿದ್ದಾರೆ. ಪೌಲನು ಕೊರಿಂಥದವರಿಗೆ ಬರೆದದ್ದು ಬೇರೆ: ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ದುಃಖದಿಂದಾಗಲಿ ಬಲಾತ್ಕಾರದಿಂದಾಗಲಿ ಬೇಡ. ಸಾಲದ ಹಣ ಸಾಲ ಕೊಟ್ಟವನದು. ಅದನ್ನು ಹುಂಡಿಗೆ ಹಾಕುವ ಅಧಿಕಾರ ನಮಗಿಲ್ಲ. ಹಾಗೆಂದು ಕೊಡುವುದನ್ನೇ ನಿಲ್ಲಿಸಬೇಡಿರಿ, ಏಕೆಂದರೆ ಕೊಡುವ ಕೈಯಲ್ಲಿ ಭಯದ ಹಿಡಿತ ಸಡಿಲಾಗುತ್ತದೆ. ಸಾಲ ತೀರುವವರೆಗೆ ಹತ್ತನೆಯ ಪಾಲು ಸಾಧ್ಯವಾಗದಿದ್ದರೆ ಕಡಿಮೆ ಮೊತ್ತವನ್ನು ನಿಶ್ಚಯಿಸಿ, ವಾರದ ಮೊದಲ ದಿನ ತೆಗೆದಿಡಿರಿ. ವಿಧವೆಯ ಎರಡು ಕಾಸುಗಳನ್ನು ಕರ್ತನು ಕಂಡಿದ್ದಾನೆ.

ಇಷ್ಟೆಲ್ಲ ಮಾಡಿದರೂ ರಾತ್ರಿ ಎದೆ ಬಡಿದುಕೊಳ್ಳಬಹುದು. ಆಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯವನ್ನು ಓದಿ, ಪುಸ್ತಕದಲ್ಲಿ ಬರೆದ ಸಾಲಗಳನ್ನು ಒಂದೊಂದಾಗಿ ಹೆಸರಿಸಿ ದೇವರಿಗೆ ತಿಳಿಸಿರಿ. ಹೆಸರಿಲ್ಲದ ಭಯಕ್ಕಿಂತ ಹೆಸರಿರುವ ಸಾಲಕ್ಕಾಗಿ ಪ್ರಾರ್ಥಿಸುವುದು ಸುಲಭ. ಸಭೆಯಲ್ಲಿ ನಂಬಿಗಸ್ತರಾದ ಒಬ್ಬಿಬ್ಬರಿಗೆ ಪುಸ್ತಕ ತೋರಿಸಿರಿ. ಸಾಯಬೇಕೆಂಬ ಯೋಚನೆ ಯಾರಿಗಾದರೂ ಬಂದರೆ ಅದನ್ನು ಪಾಪವೆಂದು ಮುಚ್ಚಿಡದೆ ಆ ಗಳಿಗೆಯಲ್ಲೇ ಮನೆಯವರಿಗೆ ಹೇಳಬೇಕು, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಕೂತು ಮೂರು ಸಂಗತಿಗಳನ್ನಷ್ಟೇ ನೋಡಿರಿ: ಹೆಚ್ಚು ಬಡ್ಡಿಯ ಸಾಲ ಎಷ್ಟು ಇಳಿಯಿತು, ಹೊಸ ಉದ್ರಿ ಎಲ್ಲಿ ಹುಟ್ಟಿತು, ನಿಶ್ಚಯಿಸಿದ ಮೊತ್ತ ಯಾವ ವಾರ ಮೀರಿತು. ಮೀರಿದ್ದರೆ ಯಾರನ್ನೂ ಗದರಿಸದೆ, ಮುಂದಿನ ತಿಂಗಳು ಯಾವ ಖರ್ಚಿನಿಂದ ಅದನ್ನು ಕಡಿಯಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿ, ತೀರ್ಮಾನವನ್ನು ಅದೇ ಪುಟದ ಕೆಳಗೆ ಬರೆದಿಡಿರಿ.